ಒಂದೇ ಆಟ ಹಿಡಿದರೆ ಸಾಲದಾ? ಡೆಕಾಥ್ಲಾನ್ ಆಟಗಾರನ ಹಾದಿ

[ದೃಶ್ಯ: ಪುಣೆಯ ಬಾಲೇವಾಡಿ ಸ್ಟೇಡಿಯಂ, ಬೆಳಗಿನ ಹೊತ್ತು]

ನಮಸ್ಕಾರ. 2013ರ ಏಷ್ಯನ್ ಅಥ್ಲೆಟಿಕ್ಸ್ ನಡೆದದ್ದು ಇದೇ ಬಾಲೇವಾಡಿಯಲ್ಲಿ. ಇಲ್ಲೇ ಮೊನ್ನೆ ವಿಜಯಪುರದ ಕಡೆಯ ಒಬ್ಬ ತಾಯಿ ಸಿಕ್ಕರು. ಮಗ ಡೆಕಾಥ್ಲಾನ್ ಕಲಿಯುತ್ತಿದ್ದಾನೆ. ನನ್ನ ಕನ್ನಡ ಕಿವಿಗೆ ಬಿದ್ದಿದ್ದೇ ತಡ, ಕೇಳಿದರು: "ಹತ್ತೂ ಆಟ ಯಾಕ್ರೀ ಇವಗ? ಒಂದ ಹಿಡಕೊಂಡ್ರ ಪದಕ ಲಗೂನ ಬರೂದಿಲ್ಲೇನ್ರೀ?"

ಒಳ್ಳೆಯ ಪ್ರಶ್ನೆ. ಮೊದಲು ಡೆಕಾಥ್ಲಾನ್ ಅಂದರೆ ಏನು ಅಂತ ನೋಡೋಣ. ಎರಡು ದಿನ, ಹತ್ತು ಆಟ, ಎಲ್ಲದರ ಅಂಕ ಕೂಡಿಸಿದಾಗ ಯಾರದು ಹೆಚ್ಚೋ ಅವರೇ ಗೆದ್ದಂತೆ.

[ದೃಶ್ಯ: ಹತ್ತು ಆಟಗಳ ಪಟ್ಟಿ]

ಮೊದಲ ದಿನ 100 ಮೀಟರ್ ಓಟ, ಲಾಂಗ್ ಜಂಪ್, ಗುಂಡು ಎಸೆತ, ಹೈಜಂಪ್, 400 ಮೀಟರ್. ಎರಡನೇ ದಿನ ಅಡ್ಡಗಟ್ಟೆ ಹಾರಿ ಓಡುವ ಹರ್ಡಲ್ಸ್, ತಟ್ಟೆ ಎಸೆಯುವ ಡಿಸ್ಕಸ್, ಉದ್ದ ಕೋಲೂರಿ ಜಿಗಿಯುವ ಪೋಲ್‌ವಾಲ್ಟ್, ಜಾವೆಲಿನ್. ಮೈಯೆಲ್ಲಾ ಸೋತ ಮೇಲೆ 1500 ಮೀಟರ್. ಇಲ್ಲಿ ಯಾರು ಮೊದಲು ಬಂದರು ಅನ್ನೋದಕ್ಕಿಂತ ಎಷ್ಟು ಸೆಕೆಂಡು, ಎಷ್ಟು ಮೀಟರ್ ಅನ್ನೋದಕ್ಕೇ ಅಂಕ.

ಆಟಗಾರನ ಬದುಕನ್ನು ನಡೆಸೋದು ಈ ಅಂಕಪಟ್ಟಿಯೇ. ಹೈಜಂಪ್ 2.18ರಿಂದ 2.21 ಮೀಟರಿಗೆ ಏರಿತು ಅನ್ನಿ. ಆ ಮೂರು ಸೆಂಟಿಮೀಟರಿಗೆ ವರ್ಷಗಟ್ಟಲೆ ಬೆವರು ಬೇಕು. ಸಿಗೋದು 29 ಅಂಕ. ಅದೇ 1500 ಮೀಟರನ್ನು 5 ನಿಮಿಷದ ಬದಲು 4 ನಿಮಿಷ 40 ಸೆಕೆಂಡಿನಲ್ಲಿ ಓಡಿದರೆ 120 ಅಂಕ ಜಾಸ್ತಿ! ಹಾಗಾಗಿ ಬರುವ ಆಟವನ್ನು ಉಳಿಸಿಕೊಂಡು, ಬಾರದ ಆಟಕ್ಕೆ ಸಮಯ ಕೊಡಬೇಕು. ಆದರೆ ಗುಂಡು ಎಸೆಯಲು ತೂಕ ಹೆಚ್ಚಿಸಿಕೊಂಡರೆ 1500ರಲ್ಲಿ ಆ ತೂಕವನ್ನು ಹೊತ್ತು ಓಡಬೇಕು. ಈ ತೂಗಾಟ ವರ್ಷಾನುಗಟ್ಟಲೆ ಮುಗಿಯೋದಿಲ್ಲ.

ತೇಜಸ್ವಿನ್ ಶಂಕರ್ ನೋಡಿ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹೈಜಂಪ್ ಕಂಚು ಗೆದ್ದವರು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡೆಕಾಥ್ಲಾನ್ ಬೆಳ್ಳಿ, 7666 ಅಂಕ. ಒಂದನ್ನು ಚೆನ್ನಾಗಿ ಕಲಿತವರೇ ಹತ್ತಕ್ಕೆ ಬರೋದುಂಟು. ಆ ತಾಯಿಗೆ ನಾನು ಮೊದಲು ಹೇಳಿದ್ದು ಇದನ್ನೇ.

[ದೃಶ್ಯ: ಲಾಂಗ್ ಜಂಪ್ ಹಲಗೆ]

ಒಂದು ಆಟ ಕೈಕೊಟ್ಟರೆ? ಫ್ರಾನ್ಸಿನ ಕೆವಿನ್ ಮೇಯರ್ 2018ರ ಆಗಸ್ಟಿನಲ್ಲಿ, ಬರ್ಲಿನ್‌ನಲ್ಲಿ, ಲಾಂಗ್ ಜಂಪಿನ ಮೂರೂ ಜಿಗಿತ ಫೌಲ್ ಮಾಡಿದರು. ಸೊನ್ನೆ. ಅಲ್ಲಿಗೆ ಆ ಕೂಟ ಮುಗಿಯಿತು. ಮುಂದಿನ ತಿಂಗಳೇ ತಮ್ಮ ದೇಶದ ತಾಲಾನ್ಸ್‌ನಲ್ಲಿ 9126 ಅಂಕ ಗಳಿಸಿ ವಿಶ್ವದಾಖಲೆ ಮಾಡಿದರು. ನನಗೆ ಈ ಆಟದಲ್ಲಿ ಅತಿ ಇಷ್ಟವಾದ ಕಥೆ ಇದು.

ಇನ್ನೊಂದು ನಮ್ಮ ಧಾರವಾಡದ ಕಡೆಯದು. ಹೆಣ್ಣುಮಕ್ಕಳದ್ದು ಏಳು ಆಟದ ಹೆಪ್ಟಾಥ್ಲಾನ್. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜೆ.ಜೆ. ಶೋಭಾ ಗಾಯಗೊಂಡ ಕಾಲಿಗೆ ಪಟ್ಟಿ ಬಿಗಿದುಕೊಂಡು ಬಂದು ಆಟ ಮುಗಿಸಿದರು. 11ನೇ ಸ್ಥಾನ. ಈ ಹೆಸರು ನಮ್ಮ ಮನೆಗಳಲ್ಲಿ ಇನ್ನೂ ಜಾಸ್ತಿ ಕೇಳಿಬರಬೇಕಿತ್ತು, ಅಲ್ವಾ?

ಅಪ್ಪ ಅಮ್ಮಂದಿರಿಗೆ ಇನ್ನೊಂದು ಮಾತು. ಹದಿನೆಂಟರ ಒಳಗಿನ ಹುಡುಗರಿಗೆ ಗುಂಡು 5 ಕಿಲೋ. ಇಪ್ಪತ್ತರ ಒಳಗೆ 6. ದೊಡ್ಡವರಿಗೆ 7.26. ಹರ್ಡಲ್ ಎತ್ತರವೂ ಹೀಗೇ ಏರುತ್ತದೆ. ವಯಸ್ಸಿನ ವಿಭಾಗ ದಾಟಿದಾಗ ಅಂಕ ಕುಸಿದರೆ ಮಗನನ್ನು ಬೈಯಬೇಡಿ. ಅವನು ಎಸೆಯುತ್ತಿರುವ ಗುಂಡೇ ಬೇರೆ.

[ದೃಶ್ಯ: ಕಾರಿನ ಮೇಲೆ ಉದ್ದದ ಪೋಲ್]

ಕೊನೆಗೆ ಆ ಹುಡುಗ ಪೋಲ್ ತಂದ. ಮಡಚಲು ಬಾರದ ಕೋಲು, ಬಸ್ಸಿನೊಳಗೆ ಹಿಡಿಸೋದಿಲ್ಲ. ತಾಯಿ ಹಳೆಯ ಸೀರೆಯಿಂದ ಅದನ್ನು ಕಾರಿನ ಮೇಲೆ ಬಿಗಿದು ಕಟ್ಟಿದರು. "ನಾಳೆ 1500 ಓಡ್ತಾನ್ರೀ," ಅಂದರು. "ನೋಡಾಕ ಬರ್ರಿ."