ಡೆಟ್ರಾಯ್ಟ್ ರೆಡ್ ವಿಂಗ್ಸ್: ಕೊನೇ ಎರಡು ರಾತ್ರಿ, 91 ಪಾಯಿಂಟ್, ಒಂದು ಆಕ್ಟೋಪಸ್

ಇದು ಡೆಟ್ರಾಯ್ಟ್‌ನ ವುಡ್‌ವರ್ಡ್ ಅವೆನ್ಯೂ, ಎದುರಿಗಿರೋದು ಲಿಟ್ಲ್ ಸೀಸರ್ಸ್ ಅರೇನಾ. ಫುಟೇಜ್ 2024ರ ಏಪ್ರಿಲ್ 15ರದ್ದು, ಹಾರ್ಡ್ ಡಿಸ್ಕ್‌ನಲ್ಲಿ ಕೂತಿತ್ತು, ದನಿ ಮಾತ್ರ ಈಗ ಸೇರ್ತಾ ಇದೆ. ಗಾಳಿ ಸದ್ದು ತೆಗೆಯೋಕಾಗ್ಲಿಲ್ಲ, ಸಹಿಸ್ಕೊಳ್ಳಿ.

ಹಾಕಿ ಅಂದ್ರೆ ನಮಗೆ ಟರ್ಫ್, ಕೊಡಗು, ಪೆನಾಲ್ಟಿ ಕಾರ್ನರ್. ಇದು ಐಸ್ ಹಾಕಿ, ಉತ್ತರ ಅಮೆರಿಕದ ಲೀಗ್ ಎನ್‌ಎಚ್‌ಎಲ್. ನಿಯಮ ಗೊತ್ತಿಲ್ಲದವರು ಎದ್ದು ಹೋಗ್ಬೇಡಿ, ಇವತ್ತು ಆಟ ಕಮ್ಮಿ, ಲೆಕ್ಕ ಜಾಸ್ತಿ.

ರೆಡ್ ವಿಂಗ್ಸ್ ಅಂದ್ರೆ 1991ರಿಂದ 2016ರವರೆಗೆ ಸತತ 25 ಸೀಸನ್ ಪ್ಲೇಆಫ್ ಆಡಿದ ತಂಡ. ಆಮೇಲೆ ನಿಂತೇ ಹೋಯ್ತು. ಈ ಅರೇನಾ ಶುರುವಾಗಿದ್ದು 2017ರಲ್ಲಿ. ಈ ಶಾಟ್ ತೆಗೆದ ದಿನದವರೆಗೆ ಇದರೊಳಗೆ ವಿಂಗ್ಸ್ ಒಂದೇ ಒಂದು ಪ್ಲೇಆಫ್ ಪಂದ್ಯ ಆಡಿಲ್ಲ. ಮನೆ ಕಟ್ಟಿ ಏಳು ವರ್ಷ, ಇನ್ನೂ ಗೃಹಪ್ರವೇಶ ಆಗಿಲ್ಲ ಅಂದ ಹಾಗೆ.

ಸರಿ, ಕ್ಯಾಮೆರಾ ಲ್ಯಾಪ್‌ಟಾಪ್ ಮೇಲೆ ಬಂತು. ಇದು ಅವತ್ತು ಬೆಳಗಿನ ಟೇಬಲ್. ಸೀಸನ್‌ಗೆ 82 ಪಂದ್ಯ. ಪೂರ್ವ ಕಾನ್ಫರೆನ್ಸ್‌ನಿಂದ ಎಂಟು ತಂಡ ಮುಂದೆ ಹೋಗುತ್ತೆ: ಎರಡು ಡಿವಿಷನ್‌ನಿಂದ ಮೊದಲ ಮೂರು ಮೂರು, ಉಳಿದಿದ್ದು ಎರಡು ವೈಲ್ಡ್ ಕಾರ್ಡ್. ಡೆಟ್ರಾಯ್ಟ್‌ಗೆ ಉಳಿದಿದ್ದು ಎರಡನೇ ವೈಲ್ಡ್ ಕಾರ್ಡ್ ಒಂದೇ. ಅದೇ ಕುರ್ಚಿಗೆ ವಾಷಿಂಗ್ಟನ್, ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ ಕೂಡ ಟವೆಲ್ ಹಾಕಿ ನಿಂತಿದ್ವು.

ಡೆಟ್ರಾಯ್ಟ್ 80 ಪಂದ್ಯಕ್ಕೆ 87, ವಾಷಿಂಗ್ಟನ್ 80 ಪಂದ್ಯಕ್ಕೆ 87. ಗೆಲುವಿಗೆ ಎರಡು ಪಾಯಿಂಟ್, ಉಳಿದ ಎರಡೂ ಗೆದ್ರೆ ಇಬ್ಬರಿಗೂ 91. ಇಲ್ಲಿ ಎಲ್ಲರೂ ಪಿಟಿಎಸ್, ಅಂದ್ರೆ ಪಾಯಿಂಟ್ ಕಾಲಂ ಮಾತ್ರ ನೋಡ್ತಾರೆ. ನೋಡ್ಬೇಕಾಗಿದ್ದು ಅದರ ಪಕ್ಕದ ಆರ್‌ಡಬ್ಲ್ಯೂ. ಝೂಮ್ ಆಗ್ತಿದೆ, ಒಂದ್ನಿಮಿಷ... ಹಾಂ. ಆರ್‌ಡಬ್ಲ್ಯೂ ಅಂದ್ರೆ ರೆಗ್ಯುಲೇಷನ್ ವಿನ್, ಅಂದ್ರೆ 60 ನಿಮಿಷದೊಳಗೇ ಮುಗಿಸಿದ ಗೆಲುವು. ಪಾಯಿಂಟ್ ಸಮ ಆದಾಗ ಮೊದಲು ನೋಡೋದು ಇದನ್ನೇ, 2019-20ರಿಂದ ಹೀಗೆ. ಅವತ್ತು ಬೆಳಗ್ಗೆ ವಾಷಿಂಗ್ಟನ್ 30, ಡೆಟ್ರಾಯ್ಟ್ 27. ಉಳಿದ ಎರಡನ್ನೂ 60 ನಿಮಿಷದಲ್ಲೇ ಗೆದ್ರೂ 29. ಅಂದ್ರೆ ಸಮ ಬಂದ್ರೆ ಸೋತ ಹಾಗೇ. ಡೆಟ್ರಾಯ್ಟ್‌ಗೆ ಬೇಕಾಗಿದ್ದು ವಾಷಿಂಗ್ಟನ್‌ಗಿಂತ ಒಂದು ಪಾಯಿಂಟ್ ಜಾಸ್ತಿ, ಅದಕ್ಕಿಂತ ಅರ್ಧ ಕಮ್ಮಿ ಆದ್ರೂ ಆಗಲ್ಲ.

ಟೇಬಲ್ ನೀವೇ ಓದೋದಾದ್ರೆ ಮೂರು ಕೆಲಸ ಮಾಡಿ. ಈಗಿನ ಪಾಯಿಂಟ್‌ಗೆ ಉಳಿದ ಪಂದ್ಯದ ಎರಡು ಪಟ್ಟು ಕೂಡಿಸಿ, ಅದು ಗರಿಷ್ಠ. ಎದುರಾಳಿ ಆರ್‌ಡಬ್ಲ್ಯೂದಲ್ಲಿ ಮುಂದಿದ್ರೆ ಅವರ ಪಾಯಿಂಟ್‌ಗೆ ಮನಸ್ಸಲ್ಲೇ ಒಂದು ಸೇರಿಸ್ಕೊಳ್ಳಿ. ಇನ್ನು 'ಕೈಯಲ್ಲಿರೋ ಪಂದ್ಯ' ಅಂತಾರಲ್ಲ, ಎದುರಾಳಿಗಿಂತ ಹೆಚ್ಚಿಗೆ ಆಡೋಕೆ ಉಳಿದಿರೋದು, ಅದನ್ನ ಪಾಯಿಂಟ್ ಅಂತ ಲೆಕ್ಕ ಹಾಕ್ಬೇಡಿ. ಸಿಕ್ಕದ ಸಂಬಳಕ್ಕೆ ಸಾಲ ಮಾಡಿದ ಹಾಗಾಗುತ್ತೆ.

ಕಟ್. ಅಡುಗೆಮನೆ. ಹೌದು, ಅದು ಆಕ್ಟೋಪಸ್. ಹತ್ತಿರದಿಂದ ನೋಡಿ, ಬೆಂದ ಮೇಲೆ ನೇರಳೆ ಬಣ್ಣ ಬಂದು ತೋಳುಗಳು ಒಳಕ್ಕೆ ಸುರುಳಿ ಸುತ್ಕೊಂಡಿವೆ, ಹೀರುಬಟ್ಟಲುಗಳು ಗುಂಡಿ ಥರ ಸಾಲಾಗಿ ಕೂತಿವೆ. 1952ರಲ್ಲಿ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆಲ್ಲೋಕೆ ಪ್ಲೇಆಫ್‌ನಲ್ಲಿ ಎಂಟು ಗೆಲುವು ಸಾಕಿತ್ತು. ಎಂಟು ತೋಳು, ಎಂಟು ಗೆಲುವು ಅಂತ ಮೀನು ಅಂಗಡಿಯ ಕುಸಿಮಾನೊ ಸಹೋದರರು ಐಸ್ ಮೇಲೆ ಒಂದು ಎಸೆದ್ರು. ವಿಂಗ್ಸ್ ಎಂಟಕ್ಕೆ ಎಂಟೂ ಗೆದ್ರು. ಅವತ್ತಿಂದ ಪದ್ಧತಿ. ಈಗ ಕಪ್‌ಗೆ 16 ಗೆಲುವು ಬೇಕು, ನ್ಯಾಯವಾಗಿ ಎರಡು ಆಕ್ಟೋಪಸ್ ಎಸೀಬೇಕು. ಹಸಿಯದ್ದು ಲೋಳೆ ಬಿಡುತ್ತೆ, ಐಸ್‌ಗೆ ಅಂಟುತ್ತೆ, ಅದಕ್ಕೇ ಬೇಯಿಸ್ಕೊಂಡು ಹೋಗೋದು. ಎಸೆದವರನ್ನ ಹೊರಗೆ ಹಾಕ್ತಾರೆ ಅನ್ನೋದೂ ಪದ್ಧತಿಯ ಭಾಗಾನೇ. ಡೆಟ್ರಾಯ್ಟ್ ಪಕ್ಕದ ನೋವೈ, ಟ್ರಾಯ್ ಕಡೆ ಕನ್ನಡದವರು ತುಂಬಾ ಇದ್ದಾರೆ. ಸಸ್ಯಾಹಾರಿಗಳೇ, ಈ ಶಾಟ್ ಇನ್ನು ನಾಲ್ಕು ಸೆಕೆಂಡ್ ಅಷ್ಟೇ.

ಮುಗೀತು. ಮತ್ತೆ ಟೇಬಲ್‌ಗೆ ಬರೋಣ.

ಇಲ್ಲಿಗೆ ಬಂದು ತಲುಪಿದ್ದು ಹೇಗೆ? ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಸತತ ಏಳು ಸೋಲು. ನಾಯಕ ಡಿಲನ್ ಲಾರ್ಕಿನ್ ಗಾಯವಾಗಿ ಹೊರಗಿದ್ದ ಪಂದ್ಯಗಳೂ ಅದರಲ್ಲಿ ಸೇರಿವೆ. ಗಾಯದ ನೆಪ ಒಂದು ಮಟ್ಟಕ್ಕೆ ಸರಿ. ಆದ್ರೆ 82 ಪಂದ್ಯಕ್ಕೆ 274 ಗೋಲು ಬಿಟ್ಟ ತಂಡಕ್ಕೆ ಸೆಂಟರ್ ಒಬ್ಬ ಇಲ್ಲದ್ದೇ ಕಾರಣ ಅಂದ್ರೆ ನಂಬೋಕಾಗಲ್ಲ. ಹೊಡೆದಿದ್ದೂ ಕಮ್ಮಿ ಏನಿಲ್ಲ, 278. ಲೂಕಸ್ ರೇಮಂಡ್ ಒಬ್ಬನೇ 31. ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಸೀಸನ್ ಮಧ್ಯೆ ಬಂದ ಪ್ಯಾಟ್ರಿಕ್ ಕೇನ್ 50 ಪಂದ್ಯಕ್ಕೆ 47 ಪಾಯಿಂಟ್ (ಆಟಗಾರನ ಪಾಯಿಂಟ್ ಅಂದ್ರೆ ಗೋಲು, ಅಸಿಸ್ಟ್ ಸೇರಿ). ಒಂದು ಕೈಲಿ ಸಂಪಾದನೆ, ಇನ್ನೊಂದು ಕೈಲಿ ಸೋರಿಕೆ.

ಏಪ್ರಿಲ್ 9, ವಾಷಿಂಗ್ಟನ್ ವಿರುದ್ಧವೇ ಪಂದ್ಯ. 2-1 ಸೋಲು, 60 ನಿಮಿಷದೊಳಗೆ. ಅವತ್ತು ಯುಗಾದಿ ಬೇರೆ. ಬೆಲ್ಲ ಪೂರ್ತಿ ವಾಷಿಂಗ್ಟನ್ ತಟ್ಟೆಗೆ. ಆ ಪಂದ್ಯವನ್ನ ಹೇಗಾದ್ರೂ ಓವರ್‌ಟೈಮ್‌ಗೆ ಎಳೆದು ಅಲ್ಲಿ ಸೋತಿದ್ರೂ ಒಂದು ಪಾಯಿಂಟ್ ಬರ್ತಿತ್ತು. ಅದೇ ಒಂದು ಪಾಯಿಂಟ್.

ಆಮೇಲಿನ ನಾಲ್ಕೂ ಪಂದ್ಯ 60 ನಿಮಿಷ ದಾಟಿದವು. ಪಿಟ್ಸ್‌ಬರ್ಗ್‌ಗೆ ಓವರ್‌ಟೈಮ್‌ನಲ್ಲಿ 6-5 ಸೋಲು. ಟೊರಾಂಟೊ ಮೇಲೆ ಓವರ್‌ಟೈಮ್‌ನಲ್ಲಿ 5-4 ಗೆಲುವು. ಮಾಂಟ್ರಿಯಲ್ ಮೇಲೆ, ಅಂದ್ರೆ ಈ ಫುಟೇಜ್‌ನ ರಾತ್ರಿ, 4-1ರಿಂದ ಹಿಂದಿದ್ದು ಓವರ್‌ಟೈಮ್‌ನಲ್ಲಿ 5-4, ಗೆಲುವಿನ ಗೋಲು ರೇಮಂಡ್‌ದು. ಮರುದಿನ ಮಾಂಟ್ರಿಯಲ್‌ನಲ್ಲೇ ಅವರ ಮೇಲೆ ಮತ್ತೆ 5-4, ಈ ಸಲ ಶೂಟೌಟ್. ಎಂಟರಲ್ಲಿ ಏಳು ಪಾಯಿಂಟ್, ಆರ್‌ಡಬ್ಲ್ಯೂ ಸೊನ್ನೆ.

ಈಗ ಸ್ಪ್ಲಿಟ್ ಸ್ಕ್ರೀನ್, ಏಪ್ರಿಲ್ 16. ಎಡಗಡೆ ಮಾಂಟ್ರಿಯಲ್, ಬಲಗಡೆ ಫಿಲಡೆಲ್ಫಿಯಾ. ಹಿಂದಿನ ರಾತ್ರಿ ವಾಷಿಂಗ್ಟನ್ ಬೋಸ್ಟನ್‌ನ ಸೋಲಿಸಿತ್ತು, ಹಾಗಾಗಿ ಇಬ್ಬರೂ 89. ಎಡಗಡೆ ಏನಾಗುತ್ತೆ ಹೇಳಿಬಿಟ್ಟೆ: ಕೊನೇ ಸೆಕೆಂಡುಗಳಲ್ಲಿ ಡೇವಿಡ್ ಪೆರಾನ್ ಸಮ ಮಾಡ್ತಾನೆ, ಶೂಟೌಟ್‌ನಲ್ಲಿ ಗೆಲುವು. ಬಲಗಡೆ ನೋಡಿ, ಬಲಗಡೆ.

ಫಿಲಡೆಲ್ಫಿಯಾ, ವಾಷಿಂಗ್ಟನ್, 1-1. ಇನ್ನೇನು ಮೂರು ನಿಮಿಷ. ಫ್ಲೈಯರ್ಸ್, ಅಂದ್ರೆ ಫಿಲಡೆಲ್ಫಿಯಾ ತಂಡದ ಗೋಲ್‌ಕೀಪರ್ (ಗೋಲಿ) ಸ್ಯಾಮ್ಯುಯೆಲ್ ಎರ್ಸನ್ ಬೆಂಚ್ ಕಡೆ ಹೋಗ್ತಿದ್ದಾನೆ. ಪಂದ್ಯ ಸಮ ಇದೆ, ಗೋಲ್ ಖಾಲಿ! ಸಾಮಾನ್ಯವಾಗಿ ಗೋಲಿಯನ್ನ ತೆಗೆಯೋದು ಒಂದು ಗೋಲು ಹಿಂದಿದ್ದಾಗ, ಕೊನೇ ಎರಡು ನಿಮಿಷದಲ್ಲಿ, ಆರನೇ ಆಟಗಾರನನ್ನ ಇಳಿಸೋಕೆ. ಸಮ ಇದ್ದಾಗ ತೆಗೆಯೋದು ಅಂದ್ರೆ ಮಳೆ ಬರೋ ಮುಂಚೆ ಹೆಂಚು ತೆಗೆದ ಹಾಗೆ. ವಾಷಿಂಗ್ಟನ್‌ನ ಟಿ.ಜೆ. ಓಶಿ ಖಾಲಿ ಗೋಲ್ ಒಳಕ್ಕೆ ಪಕ್ ಕಳಿಸಿದ. 2-1. ಡೆಟ್ರಾಯ್ಟ್ ಕಥೆ ಮುಗೀತು, ಬೇರೆ ಊರಲ್ಲಿ.

ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಕಾಮೆಂಟ್‌ನಲ್ಲಿ ಎಲ್ಲರೂ ಫ್ಲೈಯರ್ಸ್‌ನ ಆಗಿನ ಕೋಚ್ ಜಾನ್ ಟೋರ್ಟೊರೆಲ್ಲಾಗೆ ಬೈತಾರೆ. ಫಿಲಡೆಲ್ಫಿಯಾಗೆ ಅದು ಕೊನೇ ಪಂದ್ಯ, ಕೈಲಿದ್ದಿದ್ದು 87. ಗೆದ್ರೆ 89. ವಾಷಿಂಗ್ಟನ್ 89ರಲ್ಲಿತ್ತು. ಓವರ್‌ಟೈಮ್‌ಗೆ ಹೋದ ಕ್ಷಣಕ್ಕೇ ವಾಷಿಂಗ್ಟನ್‌ಗೆ ಒಂದು ಪಾಯಿಂಟ್ ಗ್ಯಾರಂಟಿ, ಅಂದ್ರೆ 90. ಆಮೇಲೆ ಗೆದ್ದು ಏನು ಪ್ರಯೋಜನ? ಹಾಗಾಗಿ ಫ್ಲೈಯರ್ಸ್‌ಗೆ 1-1 ಅಂದ್ರೆ ಸೋಲೇ. ತಮ್ಮ ಲೆಕ್ಕದಲ್ಲಿ ಅವರು ಮಾಡಿದ್ದು ಸರಿ. ಡೆಟ್ರಾಯ್ಟ್ ಲೆಕ್ಕ ಬೇರೆ. ವಾಷಿಂಗ್ಟನ್ ಹೇಗೆ ಸೋತ್ರೂ ಸರಿ, ಓವರ್‌ಟೈಮ್‌ನಲ್ಲಿ ಸೋತ್ರೂ 90, ಡೆಟ್ರಾಯ್ಟ್ 91. ಒಂದೇ ಐಸ್ ಮೇಲೆ ಮೂರು ತಂಡದ ಹಣೆಬರಹ, ಮೂರಕ್ಕೂ ಬೇರೆ ಬೇರೆ ಲೆಕ್ಕ. ಕೋಚ್‌ಗೆ ಬೈಯೋದು ಬಿಡಿ.

ಬೈಬೇಕಾಗಿದ್ದು ಆ ಸೋತವರ ಪಾಯಿಂಟ್‌ಗೆ. 1999-2000ರಲ್ಲಿ ತಂದಿದ್ದು. ಓವರ್‌ಟೈಮ್‌ನಲ್ಲಿ ಸೋತ್ರೂ ಒಂದು ಪಾಯಿಂಟ್. ಹಾಗಾಗಿ ಕೆಲವು ಪಂದ್ಯದಿಂದ ಎರಡು ಪಾಯಿಂಟ್ ಹೊರಬರುತ್ತೆ, ಕೆಲವದ್ದರಿಂದ ಮೂರು. ಅದೇ ಏಪ್ರಿಲ್‌ನಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೀತಿತ್ತು. ಕೊಡವ ಮನೆತನಗಳ ಹಾಕಿ, 360 ತಂಡ, ನಾಕ್‌ಔಟ್. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ 60 ತಂಡ ಇಟ್ಕೊಂಡು ಶುರು ಮಾಡಿದ್ದು. ಅಲ್ಲಿ ಸೋತ್ರೆ ಸ್ಟಿಕ್ ಎತ್ಕೊಂಡು ಮನೆಗೆ. ಸಮಾಧಾನದ ಪಾಯಿಂಟ್ ಅಂತ ಯಾರಾದ್ರೂ ಕೇಳಿದ್ರೆ ನಗ್ತಾರೆ.

ಕೊನೇ ಟೇಬಲ್ ಬಂತು, ವಿಡಿಯೋ ನಿಲ್ಲಿಸಿ ನೋಡಿ. ಡೆಟ್ರಾಯ್ಟ್ 41 ಗೆಲುವು, 32 ಸೋಲು, 9 ಓವರ್‌ಟೈಮ್ ಸೋಲು. ವಾಷಿಂಗ್ಟನ್ 40, 31, 11. ಎರಡೂ 91. ಆರ್‌ಡಬ್ಲ್ಯೂ ವಾಷಿಂಗ್ಟನ್ 32, ಡೆಟ್ರಾಯ್ಟ್ 27. ವಾಷಿಂಗ್ಟನ್ ಗೋಲು ವ್ಯತ್ಯಾಸ ಮೈನಸ್ 37, ಡೆಟ್ರಾಯ್ಟ್‌ದು ಪ್ಲಸ್ 4. ಅದರ ಮೇಲೆ ನ್ಯೂಯಾರ್ಕ್ ಐಲ್ಯಾಂಡರ್ಸ್ ನೋಡಿ: ಗೆದ್ದಿದ್ದು 39, ಡೆಟ್ರಾಯ್ಟ್‌ಗಿಂತ ಎರಡು ಕಮ್ಮಿ. ಓವರ್‌ಟೈಮ್ ಸೋಲು 16. ಒಟ್ಟು 94, ಆರಾಮಾಗಿ ಒಳಗೆ. ಸೋಲೋದನ್ನೂ ಕಲೀಬೇಕು ಅಂದ್ರೆ ಇದೇ.

ಹಾಗಾದ್ರೆ ಫುಟ್‌ಬಾಲ್ ಥರ ಪೂರ್ತಿ ಗೆಲುವಿಗೆ ಮೂರು ಕೊಟ್ರೆ ನ್ಯಾಯ ಸಿಗ್ತಿತ್ತು ಅಂತ ಹೇಳೋದು ಸುಲಭ. ಲೆಕ್ಕ ಹಾಕಿ. 60 ನಿಮಿಷದ ಗೆಲುವಿಗೆ ಮೂರು, ಓವರ್‌ಟೈಮ್ ಗೆಲುವಿಗೆ ಎರಡು, ಓವರ್‌ಟೈಮ್ ಸೋಲಿಗೆ ಒಂದು. ಡೆಟ್ರಾಯ್ಟ್: 81, 28, 9, ಒಟ್ಟು 118. ವಾಷಿಂಗ್ಟನ್: 96, 16, 11, ಒಟ್ಟು 123. ಅಯ್ಯೋ. ಐದು ಪಾಯಿಂಟ್ ಹಿಂದೆ! ಎರಡು ನಿಮಿಷದ ಹಿಂದೆ ಸೋತವರ ಪಾಯಿಂಟ್‌ಗೆ ಬೈದಿದ್ದು ವಾಪಸ್. ಓವರ್‌ಟೈಮ್ ಗೆಲುವಿಗೂ ಪೂರ್ತಿ ಎರಡು ಪಾಯಿಂಟ್ ಸಿಗೋದೇ ಡೆಟ್ರಾಯ್ಟ್‌ನ ಏಪ್ರಿಲ್ 16ರವರೆಗೆ ಉಸಿರಾಡಿಸಿತ್ತು. 41ರಲ್ಲಿ 14 ಗೆಲುವು 60 ನಿಮಿಷ ಮುಗಿದ ಮೇಲೆ ಬಂದಿದ್ದು, ಮೂರು ಮೂರು ಜನ ಆಡೋ ಐದು ನಿಮಿಷದಲ್ಲಿ ಅಥವಾ ಶೂಟೌಟ್‌ನಲ್ಲಿ. ಪ್ಲೇಆಫ್‌ನಲ್ಲಿ ಆ ಎರಡೂ ಇಲ್ಲ, ಐದು ಐದು ಜನ, ಗೋಲು ಬೀಳೋವರೆಗೆ. ಗೆಲುವನ್ನಷ್ಟೇ ಎಣಿಸಿದ್ರೆ ಮಾತ್ರ 41 ದೊಡ್ಡದು, ಹಾಗೆ ಎಣಿಸೋ ಲೀಗ್ ಇದಲ್ಲ.

ಒಳಗೆ ಹೋದ ವಾಷಿಂಗ್ಟನ್ ಏನು ಮಾಡ್ತು? ಮೊದಲ ಸುತ್ತಲ್ಲೇ ನ್ಯೂಯಾರ್ಕ್ ರೇಂಜರ್ಸ್‌ಗೆ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತು 4-0. ಅದನ್ನ ನೋಡಿ 'ನಾವೇ ಹೋಗ್ಬೇಕಿತ್ತು' ಅನ್ನೋರು ಇದ್ದಾರೆ. ನಾಲ್ಕರಲ್ಲಿ ಒಂದು ಗೆಲ್ತಿದ್ರೇನೋ.

ಇದು ಒಂದು ವರ್ಷದ ಅಪರೂಪ ಅಂತಲೂ ಅಲ್ಲ. 2025ರಲ್ಲಿ ಪಶ್ಚಿಮ ಕಾನ್ಫರೆನ್ಸ್‌ನಲ್ಲಿ ಕ್ಯಾಲ್ಗರಿ 96, ಸೇಂಟ್ ಲೂಯಿಸ್ 96. ಆರ್‌ಡಬ್ಲ್ಯೂ 31, 32. ಕ್ಯಾಲ್ಗರಿ ಮನೆಗೆ. ಅಲ್ಲಿ ನಿಜವಾಗ್ಲೂ ಒಂದೇ ಒಂದು ಪಂದ್ಯ 60 ನಿಮಿಷದಲ್ಲಿ ಮುಗಿದಿದ್ರೆ ಮುಂದಿನ ಕಾಲಂಗೆ ಹೋಗ್ತಿತ್ತು. ಡೆಟ್ರಾಯ್ಟ್‌ದು ಐದರ ಅಂತರ, ಅದನ್ನ ಕೊನೇ ವಾರದಲ್ಲಿ ತುಂಬೋಕೆ ಆಗ್ತಿರಲಿಲ್ಲ. ಮಾರ್ಚ್ ಟೇಬಲ್‌ನಲ್ಲೇ ಕಾಣ್ತಿತ್ತು, ಯಾರೂ ಆ ಕಾಲಂಗೆ ಸ್ಕ್ರೋಲ್ ಮಾಡ್ಲಿಲ್ಲ.

ಮತ್ತೆ ಅಡುಗೆಮನೆ, ಏಪ್ರಿಲ್ 17ರ ಬೆಳಗ್ಗೆ. ಆಕ್ಟೋಪಸ್ ಫ್ರಿಜ್‌ನಿಂದ ಈಚೆ ಬಂತು. ಬೇಯಿಸಿದ್ದು ಎರಡು ದಿನದೊಳಗೆ ಖರ್ಚಾಗ್ಬೇಕು. ಎಸೆಯೋಕೆ ಬೇಯಿಸಿದ್ದು ತಿನ್ನೋಕೆ ಸಾಲಲ್ಲ, ರಬ್ಬರ್ ಥರ ಇರುತ್ತೆ. ಸಣ್ಣ ಉರಿಯಲ್ಲಿ ಇನ್ನೊಂದು ಅರ್ಧ ಗಂಟೆ, ಚಾಕು ಸಲೀಸಾಗಿ ಇಳಿಯೋವರೆಗೆ. ಉಪ್ಪು ಕೊನೆಗೆ. ಆಮೇಲೆ ಕಾಳುಮೆಣಸು, ಕರಿಬೇವು, ಬಾಣಲೆ ಚೆನ್ನಾಗಿ ಕಾದಿರ್ಲಿ, ಇಲ್ದಿದ್ರೆ ನೀರು ಬಿಡುತ್ತೆ. ಬ್ಯಾಟರಿ ಕೆಂಪಾಗಿದೆ, ಒಗ್ಗರಣೆ ಶಾಟ್ ಸಿಗ್ಲಿಲ್ಲ.