ಪೋಷಕರ ಸಭೆಗೆ ಬರುವ ಮುಂಚೆ

(ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತು)

ಎಲ್ಲರಿಗೂ ಶರಣು ಶರಣಾರ್ಥಿ. ಕೆಲವರು ಹೊಲದಿಂದ ನೇರ ಬಂದಿದ್ದೀರಿ, ಕೆಲವರು ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಗಣಿಯಿಂದ. ಅದಕ್ಕೇ ಸುತ್ತಿ ಬಳಸಿ ಮಾತಾಡುವುದಿಲ್ಲ. ಮುಂದಿನ ವಾರ ಇದೇ ಅಂಗಳದಲ್ಲಿ ಪೋಷಕರ ಸಭೆ ಇದೆ. ಅದಕ್ಕೆ ಬರುವ ಮುಂಚೆ ಏನು ಮಾಡಿಕೊಂಡಿರಬೇಕು ಅನ್ನುವುದಷ್ಟೇ ಇವತ್ತಿನ ವಿಷಯ.

ಸಾಮಾನ್ಯವಾಗಿ ನಮ್ಮಲ್ಲಿ ಸಭೆ ಹೇಗೆ ನಡೆಯುತ್ತದೆ? ಅಪ್ಪ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ, "ಹೆಂಗದಾನ್ರೀ ಸರ ನಮ್ಮ ಹುಡುಗ?" ಮಾಸ್ತರು ಹೇಳುತ್ತಾರೆ, "ಶಾಣ್ಯಾ ಅದಾನ, ಆದ್ರ ಲಕ್ಷ್ಯ ಕೊಡಂಗಿಲ್ಲ." ಅಪ್ಪ ಹೇಳುತ್ತಾರೆ, "ನಾಕು ಬಡಿರಿ ಸರ, ನಾವೇನೂ ಅನ್ನಂಗಿಲ್ಲ." ಸಹಿ ಆಯಿತು, ಚಹಾ ಆಯಿತು, ಸಭೆ ಮುಗಿಯಿತು. ಈ ಮಾತನ್ನು ಊರಿನ ಯಾವ ಹುಡುಗನ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ? ನಿಮ್ಮ ಹುಡುಗನ ಬಗ್ಗೆ ಅದರಲ್ಲಿ ಏನೂ ಇಲ್ಲ. ಇನ್ನು ಬಡಿಯುವ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ. ನೀವು ಒಪ್ಪಿಗೆ ಕೊಟ್ಟರೂ ಮಾಸ್ತರು ಕೈ ಎತ್ತುವಂತಿಲ್ಲ.

ಅದೇ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ. ಪೋಷಕರನ್ನು ಆಗಾಗ ಕರೆದು ಮಗುವಿನ ಹಾಜರಿ, ಕಲಿಯುವ ಶಕ್ತಿ, ಇಲ್ಲಿಯವರೆಗೆ ಕಲಿತಿದ್ದು ಎಷ್ಟು ಎಂದು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಅದರ 24ನೇ ಸೆಕ್ಷನ್ನಿನಲ್ಲೇ ಇದೆ. ಅಂದರೆ ನೀವು ಕೇಳುವುದು ಉಪಕಾರ ಅಲ್ಲ. ಸಂಕೋಚ ಬೇಡ.

ಹಾಗಾದರೆ ಏನು ಕೇಳಬೇಕು? ನನ್ನನ್ನು ಕೇಳಿದರೆ, ಅಂಕ ಎಷ್ಟು ಅಂತ ಕೇಳಲೇಬೇಡಿ. ಉತ್ತರಪತ್ರಿಕೆ ತೋರಿಸಿ ಅನ್ನಿ. ಎತ್ತು ಕೊಳ್ಳುವಾಗ ಬೆಲೆ ಕೇಳಿ ಸುಮ್ಮನಾಗುತ್ತೇವಾ? ಹಲ್ಲು ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ.

ಒಂದು ಲೆಕ್ಕ ಹೇಳುತ್ತೇನೆ. ಐದನೇ ತರಗತಿಯ ಹುಡುಗಿ, 402ರಲ್ಲಿ 178 ಕಳೆಯಬೇಕು. ಅವಳು ಬರೆದ ಉತ್ತರ 376. ಮೇಲೆ ಕೆಂಪು ಶಾಯಿಯ ಗೆರೆ, ಸೊನ್ನೆ ಅಂಕ. ಅಪ್ಪನಿಗೆ ಕಾಣುವುದು ಸೊನ್ನೆ ಮಾತ್ರ. ಆದರೆ 376 ಎಲ್ಲಿಂದ ಬಂತು ನೋಡಿ. ಎರಡರಲ್ಲಿ ಎಂಟು ಹೋಗುವುದಿಲ್ಲ, ಅದಕ್ಕೆ ಎಂಟರಲ್ಲಿ ಎರಡು ಕಳೆದಳು, ಆರು. ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಏಳೇ ಉಳಿಸಿದಳು. ನಾಲ್ಕರಲ್ಲಿ ಒಂದು ಹೋದರೆ ಮೂರು. ಪ್ರತಿ ಸಾಲಿನಲ್ಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದಾಳೆ. ಕಳೆಯುವುದು ಅವಳಿಗೆ ಬರುತ್ತದೆ. ದಶಕ ಎರವಲು ತರುವುದು ಬರುವುದಿಲ್ಲ, ಅದರಲ್ಲೂ ನಡುವೆ ಸೊನ್ನೆ ಬಂದರೆ. ಇದು ದಡ್ಡತನ ಅಲ್ಲ, ಲಕ್ಷ್ಯ ಕೊಡದೇ ಇರುವುದೂ ಅಲ್ಲ. ಹತ್ತತ್ತು ಕಡ್ಡಿಗಳ ಕಟ್ಟು ಹಿಡಿದು ಕೂತರೆ ಕೆಲವೇ ದಿನಗಳ ಕೆಲಸ. ಸರಿ ಉತ್ತರ 224 ಎಂದು ನಿಮಗೆ ಗೊತ್ತಿರಬೇಕಿಲ್ಲ. ಓದು ಬರದ ತಾಯಿಯೂ ಬೆರಳಿಟ್ಟು "ಇಲ್ಲಿ ಯಾಕ ತಪ್ಪಿದಾಳ್ರೀ ಅಕ್ಕಾರ?" ಎಂದು ಕೇಳಬಹುದು. ಈ ಒಂದು ಪ್ರಶ್ನೆ ಕೇಳಿದರೆ ಟೀಚರ್ ಕೂಡ ಇನ್ನೊಮ್ಮೆ ಆ ಹಾಳೆ ನೋಡಲೇಬೇಕಾಗುತ್ತದೆ.

ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ನಡುನಡುವಿನ ಸಣ್ಣ ಪರೀಕ್ಷೆ, ಎರಡು ಎಸ್‌ಎ, ಅಂದರೆ ಅವಧಿಯ ಕೊನೆಯ ದೊಡ್ಡ ಪರೀಕ್ಷೆ ಇರುತ್ತವೆ. ಅವುಗಳ ಹಾಳೆ ಕೇಳಿ. ಒಂದರಿಂದ ಮೂರನೇ ತರಗತಿಯದು ನಲಿ-ಕಲಿ, ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ. ಅಲ್ಲಿ ಮಗು ಕಲಿಕೆಯ ಏಣಿಯಲ್ಲಿ ಎಷ್ಟನೇ ಮೆಟ್ಟಿಲಲ್ಲಿದೆ ಎಂದು ಕೇಳಿ, ಗೋಡೆಯ ಮೇಲೆ ಹಾಕಿರುತ್ತಾರೆ.

ಈಗ ಎರಡನೇ ಮಾತು. ಸಭೆಯಲ್ಲಿ ಶಾಲೆ ಮಾತ್ರ ಹೇಳಬೇಕು, ಮನೆಯವರು ತಲೆ ಆಡಿಸಬೇಕು ಎಂದು ಯಾರು ಹೇಳಿದರು? ನಿಮ್ಮಲ್ಲಿರುವ ಸುದ್ದಿ ಮಾಸ್ತರ ಹತ್ತಿರ ಇಲ್ಲ. ಮಗಳಿಗೆ ಬೋರ್ಡು ಮಸುಕಾಗಿ ಕಾಣುತ್ತದೆ, ಮಗನ ಕಿವಿ ಸೋರುತ್ತದೆ, ಮನೆಯಲ್ಲಿ ಆಡುವುದು ಲಂಬಾಣಿ ಅಥವಾ ತೆಲುಗು, ಇವೆಲ್ಲ ಹೇಳಿ. ಎಲ್ಲಕ್ಕಿಂತ ಮುಖ್ಯ ಹಾಜರಿಯ ವಿಷಯ. ಹತ್ತಿ ಬಿಡಿಸುವ ಕಾಲ, ಆಮೇಲೆ ತೊಗರಿ ರಾಶಿ. ಆಗ ಹಾಜರಿ ಪುಸ್ತಕ ತೆಗೆದರೆ ಕೆಲವು ಹೆಸರುಗಳ ಮುಂದೆ ಬರೀ ಗೈರು. ಹುಡುಗ ಹೊಲದಲ್ಲಿದ್ದಾನೋ, ತಂಗಿಯನ್ನು ನೋಡಿಕೊಳ್ಳುತ್ತಿದ್ದಾನೋ, ಊರನ್ನೇ ಬಿಟ್ಟಿದ್ದಾನೋ, ಶಾಲೆಗೆ ಗೊತ್ತೇ ಇರುವುದಿಲ್ಲ.

ಗುಳೆ ಹೋಗುವವರಿಗೆ ಒಂದು ಮಾತು. ಪುಣೆಗೋ ಬೆಂಗಳೂರಿಗೋ ಹೋಗುವುದು ಖುಷಿಗಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ರಾತ್ರೋರಾತ್ರಿ ಹೋಗಬೇಡಿ, ಮುಂಚೆ ಹೆಡ್‌ಮಾಸ್ತರಿಗೆ ತಿಳಿಸಿ. ಮಗುವನ್ನು ಇಲ್ಲೇ ಬಿಟ್ಟುಹೋಗಲು ದಾರಿ ಇದೆಯೇ, ಹತ್ತಿರ ಋತುಮಾನದ ವಸತಿ ಶಾಲೆ ನಡೆಯುತ್ತಿದೆಯೇ ಎಂದು ಕೇಳಿ. ಕರೆದುಕೊಂಡೇ ಹೋಗುವುದಾದರೆ ಟಿಸಿ ಕೇಳಿ, ತಡಮಾಡದೆ ಕೊಡಬೇಕು. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಅಲ್ಲಿನ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಇದೂ ಕಾಯ್ದೆಯಲ್ಲೇ ಇದೆ.

ಕನ್ನಡ ಸರಿಯಾಗಿ ಬರುವುದಿಲ್ಲ ಎಂದು ಎಷ್ಟೋ ತಾಯಂದಿರು ಸಭೆಗೆ ಬರುವುದೇ ಇಲ್ಲ. ಬನ್ನಿ, ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಂಡು ಬನ್ನಿ. ಮಗನನ್ನೇ ದುಭಾಷಿ ಮಾಡಿಕೊಳ್ಳಬೇಡಿ. "ವಾರದಲ್ಲಿ ಎರಡು ದಿನ ಬರೋದೇ ಇಲ್ಲ" ಅಂತ ಟೀಚರ್ ಹೇಳಿದ್ದು ಅವನ ಬಾಯಲ್ಲಿ "ಚಲೋ ಓದ್ತಾನ ಅಂತಾರ" ಆಗಿಬಿಡುತ್ತದೆ!

ಶಾಲೆಯ ಸುದ್ದಿ ಮನೆಗೆ ಹೇಗೆ ಮುಟ್ಟುತ್ತದೆ? ಮಕ್ಕಳು ತರುವ ಸುದ್ದಿ ಒಂದೇ, ಇವತ್ತು ತತ್ತಿ ಕೊಟ್ಟರೋ ಬಾಳೆಹಣ್ಣೋ. ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾಗಿದ್ದು 2002ರಲ್ಲಿ, ನಮ್ಮ ಭಾಗದ ಜಿಲ್ಲೆಗಳಲ್ಲೇ. ಅದರ ಸುದ್ದಿ ಮನೆಗೆ ತಪ್ಪದೆ ಬರುತ್ತದೆ, ಓದಿನ ಸುದ್ದಿ ಬರುವುದಿಲ್ಲ. ವಾಟ್ಸಾಪ್ ಗುಂಪು ಇದೆ ನಿಜ. ಆದರೆ ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಪುಣೆಯಲ್ಲಿ. ಸಭೆಯ ನೋಟಿಸು ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ಕೆಳಗೆ ಎಲ್ಲೋ ಇರುತ್ತದೆ. ಅದಾದರೂ ಹೇಗಿರುತ್ತದೆ? "ಈ ಮೂಲಕ ಸಮಸ್ತ ಪೋಷಕರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗಿ, ಯಾವ ದಿನ ಎಂದು ತಿಳಿಯಲು ಕೊನೆಯ ಸಾಲಿಗೆ ಹೋಗಬೇಕು. ಶಿಕ್ಷಕರೇ, ದಯವಿಟ್ಟು ದಿನ, ಹೊತ್ತು, ಏನು ತರಬೇಕು, ಇಷ್ಟು ಬರೆಯಿರಿ. ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಿರಿ. ಕಿರಾಣಿ ಅಂಗಡಿಯ ಬಾಗಿಲಿಗೆ ಅಂಟಿಸಿ, ಗುಡಿ ಮತ್ತು ಮಸೀದಿಯ ಮೈಕಿನಲ್ಲಿ ಹೇಳಿಸಿ, ತಾಂಡಾಕ್ಕೆ ಒಬ್ಬರನ್ನು ಕಳಿಸಿ. ಸಂತೆಯ ದಿನ ಸಭೆ ಇಡಬೇಡಿ. ಕೂಲಿ ಬಿಟ್ಟು ಬರುವವರಿಗೆ ಬೆಳಗಿನ ಹನ್ನೊಂದು ಗಂಟೆ ಅಂದರೆ ಒಂದು ದಿನದ ಪಗಾರ ಹೋಯಿತು. ಸಂಜೆ ಇಡಿ.

ನಮ್ಮ ಶಾಲೆಗಳು ಪತ್ರಿಕೆಯಲ್ಲಿ ಸುದ್ದಿಯಾಗುವುದು ವರ್ಷಕ್ಕೊಮ್ಮೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೆ ಕೊನೆ, 2025ರಲ್ಲಿ ನಮ್ಮ ಕಲಬುರಗಿ, ಶೇ 42.43. ಆ ದಿನ ಹೋಟೆಲಿನಲ್ಲಿ ಎಲ್ಲರೂ ಮಾತಾಡುತ್ತೇವೆ, ಮಾಸ್ತರನ್ನು ಬೈಯುತ್ತೇವೆ, ಮೊಬೈಲನ್ನು ಬೈಯುತ್ತೇವೆ. ಆದರೆ ಹತ್ತನೇ ತರಗತಿಯಲ್ಲಿ ಗಣಿತ ಹೋದ ಹುಡುಗಿ ಯಾವತ್ತೋ ಐದನೇ ತರಗತಿಯಲ್ಲಿ 376 ಎಂದು ಬರೆದವಳೇ ಇರಬಹುದು. ಆಗ ಆ ಹಾಳೆ ಕೇಳಿದವರು ಯಾರು?

ಶಿಕ್ಷಕರಿಗೆ ಇನ್ನೊಂದು ಸಣ್ಣ ಮಾತು. ಎಲ್ಲರ ಮುಂದೆ ಹೆಸರು ಕೂಗಿ ಅಂಕ ಓದಬೇಡಿ. ಹಾಗೆ ಓದಿಸಿಕೊಂಡ ತಾಯಿ ಮುಂದಿನ ಸಲ ಬರುವುದಿಲ್ಲ, ಬರಬೇಕಾದವರು ಅವರೇ. ಒಂದು ಬೆಂಚು ಬೇರೆ ಹಾಕಿ, ಕೂರಿಸಿ, ಮಗುವನ್ನೂ ಪಕ್ಕದಲ್ಲಿ ಕೂರಿಸಿ. ಮೊದಲು ಮಗುವಿಗೆ ಬರುವುದನ್ನು ತೋರಿಸಿ, ಬಾರದೇ ಇರುವುದನ್ನು ಆಮೇಲೆ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೂ ಇಲ್ಲೇ ಇದ್ದೀರಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕೆಂದು ಕಾಯ್ದೆಯೇ ಹೇಳಿದೆ. ಕಾಗದದಲ್ಲಿ ಇದ್ದೇ ಇರುತ್ತಾರೆ. ಆದರೆ ಇವತ್ತು ಮುಂದಿನ ಕುರ್ಚಿಗಳಲ್ಲಿ ಎಲ್ಲ ಗಂಡಸರೇ, ಅಕ್ಕಂದಿರೆಲ್ಲ ಗೋಡೆ ಪಕ್ಕ ನೆಲದ ಮೇಲೆ. ಈಗ ಪ್ರಶ್ನೆಗಳನ್ನು ತೆಗೆದುಕೊಳ್ಳೋಣ. ಮೈಕು ಮೊದಲು ಹಿಂದಕ್ಕೆ ಕೊಡಿ.