ಅಕ್ಕಿ ಮಾರದ ಊರು: ಪಶ್ಚಿಮ ಜಾವಾದ ಚಿಪ್ತಗೆಲಾರ್

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಇಂಡೋನೇಷ್ಯಾದ ಪಶ್ಚಿಮ ಜಾವಾ ಪ್ರಾಂತ್ಯದ ಸುಕಾಬೂಮಿ ಜಿಲ್ಲೆಯಲ್ಲಿ, ಹಾಲಿಮುನ್ ಬೆಟ್ಟಸಾಲಿನ ದಕ್ಷಿಣದ ಇಳಿಜಾರಿನಲ್ಲಿ ಚಿಪ್ತಗೆಲಾರ್ ಎಂಬ ಊರಿದೆ. ಸಮುದ್ರ ತೀರದ ಪಲಬುಹಾನ್ ರಾತು ಪಟ್ಟಣದಿಂದ ಒಳನಾಡಿಗೆ ತಿರುಗಿ, ಕಡಿದಾದ ಬೆಟ್ಟದ ದಾರಿ ಹತ್ತಿ ಅಲ್ಲಿಗೆ ಹೋಗಬೇಕು. ಈ ಊರಿನಲ್ಲಿ ಭತ್ತ ಬೆಳೆಯದ ಮನೆ ಸಿಗುವುದು ಕಷ್ಟ. ಬೆಳೆದ ಅಕ್ಕಿಯನ್ನು ಮಾರುವ ಮನೆಯಂತೂ ಇರಬಾರದು ಎಂಬುದು ಅಲ್ಲಿಯ ಕಟ್ಟಳೆ. ಏಲಕ್ಕಿ, ಲವಂಗ, ಬಾಳೆ, ತರಕಾರಿ, ಕೆರೆಮೀನು, ತಾಳೆಬೆಲ್ಲ ಇವನ್ನೆಲ್ಲ ಪೇಟೆಗೆ ಒಯ್ದು ಮಾರಿ ಹಣ ಮಾಡಿಕೊಳ್ಳಬಹುದು. ಅಕ್ಕಿಯನ್ನು ಮಾತ್ರ ಮಾರುವಂತಿಲ್ಲ. ಈ ಒಂದು ಕಟ್ಟಳೆಯ ಸುತ್ತ ಒಂದು ಸಮುದಾಯವು ತನ್ನ ಬೇಸಾಯವನ್ನು, ಅಡುಗೆಮನೆಯನ್ನು, ಪಂಚಾಂಗವನ್ನು ಹೇಗೆ ಕಟ್ಟಿಕೊಂಡಿದೆ ಎಂಬುದನ್ನು ವಿವರಿಸುವುದು ಈ ಉಪನ್ಯಾಸದ ಉದ್ದೇಶ.

ಚಿಪ್ತಗೆಲಾರಿನವರು ಸುಂಡಾ ಭಾಷೆಯನ್ನಾಡುವ ಜನ. ಬೆಟ್ಟದ ಇಂಥ ಸಂಪ್ರದಾಯಬದ್ಧ ಸಮುದಾಯಗಳನ್ನು ಅಲ್ಲಿ ಕಸೆಪುಹಾನ್ ಎಂದು ಕರೆಯುತ್ತಾರೆ. ಹಾಲಿಮುನ್ ಸುತ್ತ ಇಂಥವು ಹಲವಿವೆ; ಅವುಗಳಲ್ಲಿ ಚಿಪ್ತಗೆಲಾರ್ ದೊಡ್ಡದು. ನಾವು ಊರು ಎನ್ನುವುದು ಅದರ ನಡುಮನೆಯನ್ನು, ಎಂದರೆ ಕೇಂದ್ರ ನೆಲೆಯನ್ನಷ್ಟೇ; ಅದರ ಕಟ್ಟಳೆಗೆ ಒಳಪಟ್ಟ ಊರುಕೇರಿಗಳು ಬೆಟ್ಟದುದ್ದಕ್ಕೂ ಚದುರಿಕೊಂಡಿವೆ. ತಮ್ಮ ಸಮುದಾಯದ ಆರಂಭವನ್ನು ಅವರು 1368ರಿಂದ ಎಣಿಸುತ್ತಾರೆ. 1579ರಲ್ಲಿ ಬಾಂತೆನ್ ಸುಲ್ತಾನರ ದಾಳಿಗೆ ಸಿಕ್ಕಿ ಅಳಿದುಹೋದ ಪಜಾಜರನ್ ಎಂಬ ಸುಂಡಾ ರಾಜ್ಯದೊಂದಿಗೆ ತಮ್ಮ ವಂಶದ ನೆನಪನ್ನು ಜೋಡಿಸಿಕೊಂಡಿದ್ದಾರೆ. ನಡುಮನೆಯ ಊರು ಒಂದೇ ಕಡೆ ನಿಂತದ್ದಲ್ಲ. ಹಿರಿಯರ ಅಪ್ಪಣೆ ಮುಖಂಡನಿಗೆ ದೊರೆತಾಗ ಇಡೀ ಊರು ಗುಳೆ ಎದ್ದು ಬೇರೆಡೆಗೆ ಹೋಗುತ್ತದೆ. ಚಿಪ್ತರಸ ಎಂಬ ಹಿಂದಿನ ನೆಲೆಯನ್ನು ಬಿಟ್ಟು ಈಗಿನ ಜಾಗಕ್ಕೆ ಬಂದದ್ದು ಈ ಶತಮಾನದ ಹೊಸ್ತಿಲಲ್ಲಿ. ಮುಖಂಡನನ್ನು ಅವರು ಅಬಾಹ್, ಅಂದರೆ ಅಪ್ಪ, ಎಂದೇ ಕರೆಯುತ್ತಾರೆ. 2007ರಲ್ಲಿ ಅಬಾಹ್ ಅನೋಮ್ ತೀರಿಕೊಂಡಾಗ ಆ ಸ್ಥಾನ ಅವರ ಮಗ, ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಅಬಾಹ್ ಉಗಿಯವರಿಗೆ ಬಂತು. ಆ ತರುಣ ಮುಖಂಡರ ಹೆಸರು ಮುಂದೆ ಮತ್ತೆ ಬರುತ್ತದೆ.

ಮೊದಲು ಬೇಸಾಯದ ವಿಚಾರ. ವರ್ಷಕ್ಕೆ ಒಂದೇ ಬೆಳೆ, ಅದೂ ಎಲ್ಲರೂ ಒಂದೇ ಕಾಲಕ್ಕೆ ಬಿತ್ತಬೇಕು ಎಂಬುದು ಅಲ್ಲಿಯ ನಿಯಮ. ಬಿತ್ತನೆಯ ಕಾಲವನ್ನು ಆಕಾಶ ನೋಡಿ ಗೊತ್ತುಮಾಡುತ್ತಾರೆ. ಕೃತ್ತಿಕೆಯ ಗೊಂಚಲನ್ನು ಅವರು ಕೆರ್ತಿ ಎನ್ನುತ್ತಾರೆ, ಮೃಗಶಿರೆಯ ಭಾಗದ ಬೇಟೆಗಾರ ಪುಂಜವನ್ನು ಕಿದಾಂಗ್ ಎನ್ನುತ್ತಾರೆ. ಕೆರ್ತಿ ಕಾಣಿಸಿಕೊಂಡರೆ ಕಬ್ಬಿಣದ ಕೆಲಸ, ಎಂದರೆ ಗುದ್ದಲಿ ಕತ್ತಿಗಳನ್ನು ತಟ್ಟಿ ಹರಿತಮಾಡುವ ಹೊತ್ತು. ಕಿದಾಂಗ್ ಕಾಣಿಸಿಕೊಂಡರೆ ಗದ್ದೆಗೆ ಇಳಿಯುವ ಹೊತ್ತು. ನಮ್ಮ ರೈತರೂ ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದಲೇ ಎಣಿಸುವುದರಿಂದ ಈ ಮಾತು ನಮಗೆ ಹತ್ತಿರದ್ದೆನಿಸುತ್ತದೆ. ಆದರೆ ನಮ್ಮ ಮಳೆನಕ್ಷತ್ರಗಳ ಲೆಕ್ಕ ಪಂಚಾಂಗದಲ್ಲಿ ಸೂರ್ಯನ ಸ್ಥಾನವನ್ನು ಹಿಡಿದು ನಡೆಯುತ್ತದೆ, ಚಿಪ್ತಗೆಲಾರಿನವರದು ಕಣ್ಣಿಗೆ ಕಾಣುವ ನಕ್ಷತ್ರದ ಲೆಕ್ಕ.

ಈ ನಕ್ಷತ್ರದ ಮಾತಿಗೆ ಇನ್ನೊಂದು ತುದಿಯಿದೆ, ಕೃಷಿಯ ದೃಷ್ಟಿಯಿಂದ ಅದೇ ಹೆಚ್ಚು ಮುಖ್ಯವಾದದ್ದು. ಕಿದಾಂಗ್ ಪಡುವಣದಲ್ಲಿ ಮರೆಯಾದರೆ ಕುಂಗ್‌ಕಾಂಗ್ ಇಳಿಯುತ್ತದೆ ಎನ್ನುತ್ತಾರೆ. ಕುಂಗ್‌ಕಾಂಗ್ ಎಂದರೆ ಎಳೆ ಕಾಳಿನ ಹಾಲು ಹೀರುವ ತಿಗಣೆ. ಅದು ಹೆಚ್ಚುವ ಹೊತ್ತಿಗೆ ತೆನೆ ಗಟ್ಟಿಯಾಗಿ ಬಲಿತಿರಬೇಕು. ತಡವಾಗಿ ಬಿತ್ತಿದವನು ತನ್ನ ಬೆಳೆಯನ್ನು ಕಳೆದುಕೊಳ್ಳುವುದಲ್ಲದೆ, ನೆರೆಯವರ ಗದ್ದೆಗೂ ಕೀಟವನ್ನು ಸಾಕಿಕೊಟ್ಟಂತಾಗುತ್ತದೆ. ಎಲ್ಲರೂ ಒಟ್ಟಿಗೆ ಬಿತ್ತಿ ಒಟ್ಟಿಗೆ ಕೊಯ್ದು, ಬಳಿಕ ಉಳಿದ ತಿಂಗಳುಗಳಲ್ಲಿ ಗದ್ದೆಗಳಲ್ಲಿ ಮೀನು ಬಿಟ್ಟೋ, ಹಾಗೆಯೇ ನೆಲವನ್ನು ದಣಿವಾರಿಸಿಕೊಳ್ಳಲು ಬಿಟ್ಟೋ ಇದ್ದರೆ, ಭತ್ತವನ್ನೇ ನೆಚ್ಚಿದ ಕೀಟಗಳಿಗೆ ಆಹಾರದ ಸರಪಳಿ ಕಡಿದುಹೋಗುತ್ತದೆ. ವರ್ಷಕ್ಕೊಂದೇ ಬೆಳೆ ಎಂಬ ನಿಯಮಕ್ಕೆ ಅವರು ಕೊಡುವ ಕಾರಣ ಬೇರೆ: ಭೂಮಿ ತಾಯಿ, ಆಕಾಶ ತಂದೆ, ತಾಯಿಯಾದವಳು ವರ್ಷಕ್ಕೆ ಒಮ್ಮೆಗಿಂತ ಹೆಚ್ಚು ಹೆರಬಾರದು. ಕಾರಣ ಯಾವುದೇ ಇರಲಿ, ಗದ್ದೆಯಲ್ಲಿ ಅದರ ಫಲ ಒಂದೇ.

ಕೊಯ್ಲಿನ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರು ಕುಡುಗೋಲಿನಿಂದ ಬುಡಕ್ಕೆ ಕೊಯ್ಯುವುದಿಲ್ಲ. ಎತೆಮ್ ಎಂಬ, ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಅಲಗು ಇದೆ. ಸಣ್ಣ ಮರದ ತುಂಡಿಗೆ ಕೂಡಿಸಿದ ಆ ಅಲಗನ್ನು ಬೆರಳುಗಳ ನಡುವೆ ಹಿಡಿದು, ತೆನೆಯನ್ನು ಬೆರಳಿನಿಂದಲೇ ಅಲಗಿನತ್ತ ಸೆಳೆದು ಒಂದೊಂದಾಗಿ ಕತ್ತರಿಸುತ್ತಾರೆ. ಭತ್ತದ ತಾಯಿ ಬೆಚ್ಚಬಾರದು ಎಂಬುದು ಇದರ ಹಿಂದಿನ ನಂಬಿಕೆ. ಈ ನಿಧಾನದಿಂದ ಇನ್ನೊಂದು ಲಾಭವೂ ಉಂಟು. ತೆನೆಯನ್ನು ಒಂದೊಂದಾಗಿ ಕೈಗೆ ತೆಗೆದುಕೊಳ್ಳುವವಳು ಯಾವುದು ತುಂಬಿದ ತೆನೆ, ಯಾವುದು ಜೊಳ್ಳು, ಯಾವುದು ಬೆರಕೆ ಎಂದು ನೋಡಿಯೇ ಕೊಯ್ಯುತ್ತಾಳೆ. ಬೀಜದ ಆಯ್ಕೆ ಅಲ್ಲಿಯೇ, ಆ ಕ್ಷಣದಲ್ಲಿಯೇ ನಡೆದುಹೋಗುತ್ತದೆ. ಚಿಪ್ತಗೆಲಾರಿನಲ್ಲಿ ನೂರಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳು ಇಂದಿಗೂ ಗದ್ದೆಯಲ್ಲಿಯೇ ಉಳಿದುಬಂದಿವೆ ಎಂದರೆ ಅದಕ್ಕೆ ಈ ಕೈಗಳೇ ಕಾರಣ ಎಂದು ನಾನು ತಿಳಿದಿದ್ದೇನೆ.

ಕೊಯ್ದ ತೆನೆಗಳನ್ನು ದಂಟಿನ ಸಮೇತ ಹಿಡಿಹಿಡಿಯಾಗಿ ಕಟ್ಟಿ, ಬಿದಿರಿನ ಅಡ್ಡಗಳಗಳ ಮೇಲೆ ಸಾಲುಸಾಲಾಗಿ ನೇತುಹಾಕಿ ಒಣಗಿಸುತ್ತಾರೆ. ಒಣಗಿದ ಕಟ್ಟುಗಳು ಲೆಯಿತ್ ಎಂಬ ಕಣಜಕ್ಕೆ ಹೋಗುತ್ತವೆ. ಕಂಬಗಳ ಮೇಲೆ ನೆಲದಿಂದ ಎತ್ತರಿಸಿ ನಿಲ್ಲಿಸಿದ, ಬಿದಿರು ಹೆಣೆದ ಗೋಡೆಯ, ಕಪ್ಪು ನಾರಿನ ಮಾಡಿನ ಪುಟ್ಟ ಮನೆ ಅದು. ನಮ್ಮ ಬೈನೆಯನ್ನು ಹೋಲುವ ಅರೆನ್ ಮರದ ನಾರಿನಿಂದ ಆ ಮಾಡು ಹೊದಿಸುತ್ತಾರೆ; ಬೆಲ್ಲಕ್ಕೆ ರಸ ಕೊಡುವುದೂ ಅದೇ ಮರ. ಕಣಜದ ಬಾಗಿಲು ಮಾಡಿನ ಕೆಳಗೆ ಎತ್ತರದಲ್ಲಿರುತ್ತದೆ, ಏಣಿ ಹಾಕಿ ಹತ್ತಬೇಕು. ತೆನೆಯಲ್ಲಿಯೇ, ಸಿಪ್ಪೆಯೊಳಗೇ ಉಳಿದ ಕಾಳು, ಗಾಳಿಯಾಡುವ ಆ ಗೂಡಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಪ್ರತಿ ಕುಟುಂಬಕ್ಕೂ ತನ್ನ ಕಣಜವಿರುತ್ತದೆ. ಇದರ ಜೊತೆಗೆ ಸಿ ಜಿಮತ್ ಎಂಬ ಹೆಸರಿನ ಊರ ಕಣಜವೂ ಇದೆ. ಪ್ರತಿ ಮನೆಯೂ ಸುಗ್ಗಿಯ ಒಂದು ಪಾಲನ್ನು ಅದಕ್ಕೆ ಸಲ್ಲಿಸುತ್ತದೆ. ಬೆಳೆ ಕೈಕೊಟ್ಟವರು, ಸಾಲದೆ ಬಂದವರು ಅಲ್ಲಿಂದ ಭತ್ತ ಪಡೆದು ಮುಂದಿನ ಸುಗ್ಗಿಯಲ್ಲಿ ಹಿಂದಿರುಗಿಸುತ್ತಾರೆ.

ವರ್ಷದ ಕೊನೆಯ ದೊಡ್ಡ ಹಬ್ಬವಾದ ಸೆರೆನ್ ತಾವುನ್ ಈ ಊರ ಕಣಜಕ್ಕೆ ಭತ್ತ ತುಂಬುವ ಹಬ್ಬ. ಗಂಡಸರು ಹೆಗಲ ಮೇಲೆ ದಪ್ಪ ಬಿದಿರಿನ ಅಡ್ಡೆ ಹೊತ್ತು, ಅದರ ಎರಡು ತುದಿಗೆ ನಾರಿನ ಹಗ್ಗದಲ್ಲಿ ಭತ್ತದ ಕಟ್ಟುಗಳನ್ನು ಇಳಿಬಿಟ್ಟು ಸಾಲಾಗಿ ನಡೆಯುತ್ತಾರೆ. ಹೆಜ್ಜೆಗೆ ತಕ್ಕಂತೆ ಹೊರೆ ತೂಗಿದಾಗ ಹಗ್ಗ ಬಿದಿರಿಗೆ ಉಜ್ಜಿ ಕಿರುಗುಡುತ್ತದೆ. ಆ ಕಿರುಗುಟ್ಟುವಿಕೆಯನ್ನೇ ಹದಮಾಡಿ ರೆಂಗ್‌ಕೋಂಗ್ ಎಂಬ ಸಂಗೀತವಾಗಿಸಿಕೊಂಡಿದ್ದಾರೆ. ಮೆರವಣಿಗೆಯಲ್ಲಿ ಬರುವವಳು ಭತ್ತದ ದೇವಿ, ನ್ಯಿ ಪೊಹಾಚಿ ಸಂಗ್‌ಹ್ಯಾಂಗ್ ಅಸ್ರಿ. ಜಾವಾದ ಉಳಿದೆಡೆ ದೇವಿ ಶ್ರೀ ಎಂದು ಪೂಜೆಗೊಳ್ಳುವವಳೂ ಅವಳೇ. ಅವಳು ಸತ್ತು ಮಣ್ಣು ಸೇರಿದಾಗ ಅವಳ ದೇಹದಿಂದ ಭತ್ತ, ತೆಂಗು, ಬಿದಿರು ಹುಟ್ಟಿಬಂದವು ಎಂಬುದು ಸುಂಡಾ ನಾಡಿನ ಕಥೆ. ಚಿಪ್ತಗೆಲಾರಿನವರು ಮುಸಲ್ಮಾನರು, ಅಲ್ಲಾಹುವಿನ ಹೆಸರೆತ್ತಿ ಪ್ರಾರ್ಥನೆ ಆರಂಭಿಸಿ ಪೊಹಾಚಿಯ ಹೆಸರಿಗೆ ಬರುವುದರಲ್ಲಿ ಅವರಿಗೆ ಯಾವ ತೊಡಕೂ ಕಾಣುವುದಿಲ್ಲ. ಅಕ್ಕಿ ಅವಳ ದೇಹವಾದ್ದರಿಂದಲೇ ಅದಕ್ಕೆ ಬೆಲೆ ಕಟ್ಟುವಂತಿಲ್ಲ.

ಈ ಬೇಸಾಯ ಯಾವ ಒತ್ತಡದ ನಡುವೆ ಉಳಿದುಬಂತು ಎಂಬುದನ್ನು ತಿಳಿಯದೆ ಅದರ ಬೆಲೆ ನಮಗೆ ಅರ್ಥವಾಗುವುದಿಲ್ಲ. ಇಂಡೋನೇಷ್ಯಾದ ಅಂದಿನ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರವು 1960ರ ದಶಕದ ಕೊನೆಯಿಂದ ಜಾವಾದ ಗದ್ದೆಗಳಲ್ಲೆಲ್ಲ ಅಧಿಕ ಇಳುವರಿಯ ಗಿಡ್ಡ ತಳಿಗಳನ್ನು, ರಸಗೊಬ್ಬರವನ್ನು, ಕೀಟನಾಶಕವನ್ನು ಸಾಲದ ಸಮೇತ ಹಂಚಿತು. ಇಳುವರಿ ನಿಜವಾಗಿಯೂ ಏರಿತು. 1984ರಲ್ಲಿ ಇಂಡೋನೇಷ್ಯಾ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿದ್ದಾಗಿ ಸಾರಿತು, ಇದು ಹಸಿವು ಕಂಡ ದೇಶಕ್ಕೆ ಸಣ್ಣ ಸಾಧನೆಯಲ್ಲ. ಆದರೆ ವರ್ಷಕ್ಕೆ ಎರಡು ಮೂರು ಬೆಳೆ ತೆಗೆದ ಗದ್ದೆಗಳಲ್ಲಿ ಕಂದು ಜಿಗಿಹುಳು ಮತ್ತೆ ಮತ್ತೆ ಎದ್ದು ಲಕ್ಷಾಂತರ ಹೆಕ್ಟೇರ್ ಬೆಳೆಯನ್ನು ಸುಟ್ಟಂತೆ ಒಣಗಿಸಿತು. ಔಷಧಿ ಹೊಡೆದಷ್ಟೂ ಹುಳುವನ್ನು ತಿನ್ನುವ ಜೇಡಗಳು ಸತ್ತವೇ ಹೊರತು ಹುಳು ಸಾಯಲಿಲ್ಲ. ಕೊನೆಗೆ 1986ರಲ್ಲಿ ಅದೇ ಸರ್ಕಾರ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು. ಗಿಡ್ಡ ತಳಿಗಳ ಕಾಳು ಬೇಗ ಉದುರುವುದರಿಂದ ಎತೆಮ್ ಅಲಗಿನ ಜಾಗಕ್ಕೆ ಕುಡುಗೋಲು ಬಂತು, ಒನಕೆಯ ಜಾಗಕ್ಕೆ ಅಕ್ಕಿ ಗಿರಣಿ ಬಂತು; ಕೊಯ್ಲು ಮತ್ತು ಕುಟ್ಟುವ ಕೆಲಸದಿಂದ ಭತ್ತದ ಕೂಲಿ ಪಡೆಯುತ್ತಿದ್ದ ಬಡ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಆ ಗಳಿಕೆಯನ್ನು ಕಳೆದುಕೊಂಡರು. ಚಿಪ್ತಗೆಲಾರಿನವರು ಈ ತಳಿಗಳನ್ನು ತಮ್ಮ ಗದ್ದೆಗೆ ಬಿಟ್ಟುಕೊಳ್ಳಲಿಲ್ಲ. ಗಿಡ್ಡ ದಂಟನ್ನು ಕಟ್ಟು ಕಟ್ಟಲಾಗದು, ಕಟ್ಟದ ಭತ್ತವನ್ನು ಗಳದ ಮೇಲೆ ಒಣಗಿಸಲಾಗದು, ಲೆಯಿತ್‌ನಲ್ಲಿ ಇಡಲಾಗದು. ತಳಿಯೊಂದು ಬದಲಾದರೆ ಕಣಜದವರೆಗಿನ ಎಲ್ಲವೂ ಬದಲಾಗಬೇಕಾಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಭತ್ತವನ್ನು ಯಂತ್ರಕ್ಕೆ ಹಾಕಬಾರದು, ಕಟ್ಟಿಗೆ ಒಲೆಯಲ್ಲಿಯೇ ಅನ್ನ ಮಾಡಬೇಕು ಎಂಬ ಕಟ್ಟಳೆಯ ಭಾರ ಬೀಳುವುದು ಹೆಂಗಸರ ರಟ್ಟೆಯ ಮೇಲೆ. ಉದ್ದನೆಯ ಮರದ ಒರಳಿನ ಎರಡು ಬದಿಗೆ ನಿಂತು ಅವರು ಲಯಬದ್ಧವಾಗಿ ಕುಟ್ಟುವುದನ್ನು ಹೊರಗಿನವರು ಸಂಗೀತವೆಂದು ಮೆಚ್ಚುತ್ತಾರೆ. ಅದು ದಿನನಿತ್ಯದ ದುಡಿಮೆಯೂ ಹೌದು. ಅದೇ ಕಟ್ಟಳೆ ಅವರಿಗೆ ಒಂದು ಅಧಿಕಾರವನ್ನೂ ಕೊಟ್ಟಿದೆ. ಮನೆಯೊಳಗೆ ಅಕ್ಕಿ ಇಡುವ ಕೋಣೆಗೆ ಗಂಡಸರಿಗೆ ಪ್ರವೇಶವಿಲ್ಲ, ಮನೆಯ ಆಹಾರದ ಲೆಕ್ಕ ಪೂರ್ತಿಯಾಗಿ ಹೆಂಗಸಿನ ಕೈಯಲ್ಲಿದೆ. ಈ ಅಧಿಕಾರವು ಆ ದುಡಿಮೆಗೆ ಸರಿತೂಗುತ್ತದೆಯೇ ಎಂಬುದನ್ನು ತೀರ್ಮಾನಿಸಬೇಕಾದವರು ಅಲ್ಲಿಯ ಹೆಂಗಸರೇ.

ಯಂತ್ರಕ್ಕೆ ಬೆನ್ನುಹಾಕಿದ ಊರು ಇದೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಬೆಟ್ಟದ ತೊರೆಗಳ ನೀರಿನಿಂದ ಕಿರು ಜಲವಿದ್ಯುತ್ ಘಟಕಗಳನ್ನು ನಡೆಸಿ ಈ ಜನ ತಮ್ಮ ಮನೆಗಳಿಗೆ ತಾವೇ ಬೆಳಕು ತಂದುಕೊಂಡರು. ಸಮುದಾಯ ರೇಡಿಯೋ ಬಂತು. ವಿದ್ಯುನ್ಮಾನ ಸಾಧನಗಳಲ್ಲಿ ಸ್ವತಃ ಕೈಯಾಡಿಸುವ ಅಬಾಹ್ ಉಗಿಯವರ ಕಾಲದಲ್ಲಿ, 2008ರಲ್ಲಿ, ಚಿಗಾ ಟಿವಿ ಎಂಬ ಸಮುದಾಯದ ಸ್ವಂತ ದೂರದರ್ಶನ ಕೇಂದ್ರ ಶುರುವಾಯಿತು. ಊರಿನ ಹುಡುಗರೇ ಕ್ಯಾಮೆರಾ ಹಿಡಿದು ನಾಟಿ, ಕೊಯ್ಲು, ಹಬ್ಬಗಳನ್ನು ಚಿತ್ರಿಸಿ ಸುತ್ತಲ ಕೇರಿಗಳಿಗೆ ಬಿತ್ತರಿಸುತ್ತಾರೆ. ಮುಂದೆ ಬಾಂಡುಂಗ್ ನಗರದ ಕಾಮನ್ ರೂಮ್ ಎಂಬ ಸಂಸ್ಥೆಯ ಸಹಯೋಗದಲ್ಲಿ ಸಮುದಾಯದ್ದೇ ಆದ ಅಂತರ್ಜಾಲ ಜಾಲವೂ ಬಂತು. ಮೊಬೈಲ್ ಇಟ್ಟುಕೊಂಡವನ ಮನೆಯ ಮಾಡಿಗೆ ಹೆಂಚು ಮಾತ್ರ ಬರುವಂತಿಲ್ಲ. ಹೆಂಚು ಮಣ್ಣಿನದು, ಬದುಕಿರುವವರು ಮಣ್ಣಿನ ಅಡಿಯಲ್ಲಿ ಇರಬಾರದು. ಗೆರೆ ಎಳೆದಿರುವುದು ಹಳತು ಮತ್ತು ಹೊಸತರ ನಡುವೆ ಅಲ್ಲ. ಭತ್ತಕ್ಕೆ, ಮನೆಗೆ, ಹಿರಿಯರ ಮಾತಿಗೆ ತಾಗುವ ವಿಷಯಗಳನ್ನು ಮಾರುಕಟ್ಟೆ ಮತ್ತು ಯಂತ್ರದಿಂದ ಹೊರಗಿಟ್ಟು, ಉಳಿದದ್ದನ್ನು ಕೂತು ಮಾತಾಡಿ ತೀರ್ಮಾನಿಸಬಹುದೆಂದು ಅವರು ಬಿಟ್ಟಿದ್ದಾರೆ. ಯಾವ ತಂತ್ರಜ್ಞಾನ ಎಲ್ಲಿಯವರೆಗೆ ಬರಬೇಕು ಎಂದು ಒಂದು ಹಳ್ಳಿ ತಾನೇ ನಿರ್ಧರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಹಾಗೆ ನಿರ್ಧರಿಸುವ ಧೈರ್ಯ ತುಂಬಿದ ಕಣಜದಿಂದ ಬರುತ್ತದೆ ಎಂಬುದು ನನ್ನ ನಂಬಿಕೆ. ನಾಳಿನ ಊಟಕ್ಕೆ ಪೇಟೆಯ ಧಾರಣೆಯನ್ನು ನೋಡಬೇಕಿಲ್ಲದವರು ಬೇಡ ಎನ್ನಬಲ್ಲರು.

ಆದರೆ ಕಣಜ ಅವರದಾದರೂ ನೆಲದ ಕಾಗದ ಅವರದಲ್ಲ. ಬೆಟ್ಟದ ಕಾಡನ್ನು ಅವರು ಮೂರಾಗಿ ವಿಂಗಡಿಸುತ್ತಾರೆ: ಯಾರೂ ಮುಟ್ಟಬಾರದ ನೀರಿನ ಮೂಲದ ಕಾಡು, ಹಿರಿಯರು ಒಪ್ಪಿಸಿ ಕಾಯಲು ಬಿಟ್ಟ ಕಾಡು, ಮತ್ತು ಸಾಗುವಳಿಗೆ ತೆರೆದ ನೆಲ. ಡಚ್ಚರ ಕಾಲದಿಂದ ಸರ್ಕಾರದ ನಕ್ಷೆಯಲ್ಲಿ ಇದೆಲ್ಲವೂ ಸರ್ಕಾರಿ ಅರಣ್ಯ. 1992ರಲ್ಲಿ ಸುಮಾರು 40,000 ಹೆಕ್ಟೇರಿನ ಹಾಲಿಮುನ್ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. 2003ರಲ್ಲಿ ಅದನ್ನು ಸಾಲಕ್ ಪರ್ವತದವರೆಗೆ ಚಾಚಿ 1,13,000 ಹೆಕ್ಟೇರಿಗೂ ಮಿಗಿಲಾಗಿ ಹಿಗ್ಗಿಸಿದಾಗ, ತಲೆಮಾರುಗಳಿಂದ ಉತ್ತುಬಂದ ಗದ್ದೆಗಳೂ ವಾಸದ ಕೇರಿಗಳೂ ಉದ್ಯಾನದ ಗಡಿಯೊಳಕ್ಕೆ ಬಂದುಬಿಟ್ಟವು. ಅಂಥ ಗದ್ದೆ ಉಳುವವನು ಕಾನೂನಿನ ಕಣ್ಣಿಗೆ ಅತಿಕ್ರಮಣಕಾರ.

ಇದರ ವಿರುದ್ಧ ಆದಿವಾಸಿ ಸಮುದಾಯಗಳ ರಾಷ್ಟ್ರೀಯ ಒಕ್ಕೂಟದೊಂದಿಗೆ ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯಕ್ಕೆ ಹೋದವರಲ್ಲಿ ಹಾಲಿಮುನ್ ಬೆಟ್ಟದ್ದೇ ಇನ್ನೊಂದು ಕಸೆಪುಹಾನ್ ಆದ ಚಿಸಿತುವಿನವರೂ ಇದ್ದರು. ಸಂಪ್ರದಾಯಬದ್ಧ ಸಮುದಾಯಗಳ ಕಾಡು ಸರ್ಕಾರಿ ಕಾಡಲ್ಲ ಎಂದು 2013ರ ಮೇ ತಿಂಗಳಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2016ರ ಡಿಸೆಂಬರಿನಲ್ಲಿ ಅಧ್ಯಕ್ಷ ಜೋಕೊ ವಿಡೊಡೊ ಅವರು ಮೊದಲ ಬಾರಿಗೆ ಒಂಬತ್ತು ಸಮುದಾಯಗಳಿಗೆ ಕಾಡಿನ ಹಕ್ಕುಪತ್ರ ನೀಡಿದಾಗ ಬಾಂತೆನ್ ಪ್ರಾಂತ್ಯದ ಕಸೆಪುಹಾನ್ ಕರಂಗ್ ಅವುಗಳಲ್ಲಿ ಒಂದಾಗಿತ್ತು. ತೀರ್ಪಿನ ಫಲ ತಾನಾಗಿ ಬರುವುದಿಲ್ಲ. ಸರ್ಕಾರಿ ಅರಣ್ಯದೊಳಗಿನ ಪ್ರತಿ ಸಮುದಾಯವೂ ತನ್ನ ಇರವನ್ನು ಸ್ಥಳೀಯ ಶಾಸನದ ಮೂಲಕ ಮೊದಲು ಮಾನ್ಯ ಮಾಡಿಸಿಕೊಂಡು, ಕಾಡಿನ ನಕ್ಷೆ ಬರೆಯಿಸಿ, ಪರಿಶೀಲನೆಗೆ ಒಡ್ಡಬೇಕು. ನೂರಾರು ಸಮುದಾಯಗಳು ಈ ಸಾಲಿನಲ್ಲಿ ನಿಂತಿವೆ. ಕಾಡನ್ನು ಕಾಯುವುದೇ ಉದ್ಯಾನದ ಗುರಿಯಾಗಿದ್ದರೆ, ನೀರಿನ ಮೂಲದ ಕಾಡನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ಉದ್ಯಾನ ಹುಟ್ಟುವುದಕ್ಕಿಂತ ಶತಮಾನಗಳ ಹಿಂದೆಯೇ ಮಾಡಿಕೊಂಡ ಈ ಜನರನ್ನು ಅತಿಕ್ರಮಣಕಾರರ ಪಟ್ಟಿಯಿಂದ ತೆಗೆಯುವುದಕ್ಕೆ ಇಷ್ಟು ಕಾಲ ಹಿಡಿಯಬಾರದಿತ್ತು.

ನಮಸ್ಕಾರ.